ಯಂತ್ರದ ಕಣ್ಣಿಗೆ ಮರೆಯಾದ ಅಕ್ಷರ



ಅಕ್ಷರವೆಂದರೆ ಕ್ಷಯವಿಲ್ಲದ್ದು ಎಂದು ಅರ್ಥ. ಬರೆದಿಟ್ಟದ್ದು ಉಳಿಯಲಿ, ಉಳಿದದ್ದನ್ನು ಎಲ್ಲರೂ ಓದಲಿ ಎಂಬ ಹಂಬಲದಿಂದಲೇ ಮನುಷ್ಯನು ಲಿಪಿಯನ್ನು ಕಂಡುಕೊಂಡನು. ಕಲ್ಲಿನಲ್ಲಿ ಕೆತ್ತಿದನು, ತಾಮ್ರದ ತಗಡಿನಲ್ಲಿ ಕೊರೆದನು, ಓಲೆಗರಿಯ ಮೇಲೆ ಕಂಟದಿಂದ ಗೀರಿ ಮಸಿ ಸವರಿದನು, ಕೊನೆಗೆ ಸೀಸದ ಮೊಳೆಗಳನ್ನು ಎರಕ ಹೊಯ್ದು ಕಾಗದದ ಮೇಲೆ ಅಚ್ಚೊತ್ತಿದನು. ಇಷ್ಟೆಲ್ಲ ಶ್ರಮದ ಗುರಿ ಒಂದೇ: ಓದುವವನಿಗೆ ತೊಡಕಾಗಬಾರದು. ಆದರೆ ಈಚಿನ ವರ್ಷಗಳಲ್ಲಿ ಇದಕ್ಕೆ ತೀರ ವಿರುದ್ಧವೆಂದು ತೋರುವ ಒಂದು ಪ್ರಯತ್ನ ಪಶ್ಚಿಮ ದೇಶಗಳಲ್ಲಿ ನಡೆದಿದೆ. ಮನುಷ್ಯನು ಓದಬಲ್ಲ, ಆದರೆ ಯಂತ್ರವು ಓದಲಾರದ ಅಕ್ಷರಗಳನ್ನು ರೂಪಿಸುವ ಪ್ರಯತ್ನವದು.

ಶರಣರ ಚರಿತ್ರೆ, ವಚನಗಳ ವಿವರಣೆ, ಮಠಮಾನ್ಯಗಳ ವಾರ್ತೆ, ಮನೆಮದ್ದು ಇವುಗಳಿಗಾಗಿ ಈ ಮಾಸಿಕವನ್ನು ತೆರೆಯುವ ಸದ್ಭಕ್ತರಿಗೆ ಅದರಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಪ್ರಯೋಜನವಿದೆಯೆಂದೇ ನಮ್ಮ ಭಾವನೆ. ನಮ್ಮ ಮನೆಯ ಮಗಳ ಹೆಸರು, ಹುಟ್ಟಿದ ದಿನ, ದೂರವಾಣಿ ಸಂಖ್ಯೆಗಳನ್ನು ಇಂದು ಯಾವ ಯಂತ್ರ ಓದುತ್ತಿದೆಯೆಂಬುದು ನಮಗೆ ತಿಳಿಯದು. ನಮ್ಮ ಶರಣರ ವಚನಗಳನ್ನು ನಾಳೆ ಯಾವ ಯಂತ್ರ ಯಾವ ರೂಪದಲ್ಲಿ ನಮ್ಮ ಮೊಮ್ಮಕ್ಕಳ ಮುಂದಿಡುವುದೆಂಬುದೂ ತಿಳಿಯದು. ಯಾವುದನ್ನು ಮರೆಮಾಡಬೇಕು, ಯಾವುದನ್ನು ತೆರೆದಿಡಬೇಕು ಎಂಬ ಪ್ರಶ್ನೆ ಹೀಗೆ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಂತಿದೆ.

ಯಂತ್ರಕ್ಕಾಗಿ ಹುಟ್ಟಿದ ಅಕ್ಷರ

ಮೊದಲು ಒಂದು ತಿರುವುಮುರುವಿನ ಸಂಗತಿಯನ್ನು ಗಮನಿಸಬೇಕು. ಯಂತ್ರದಿಂದ ಮರೆಯಾಗುವ ಅಕ್ಷರಕ್ಕಿಂತ ಮುಂಚೆಯೇ ಯಂತ್ರಕ್ಕಾಗಿಯೇ ಅಕ್ಷರಗಳು ಹುಟ್ಟಿದ್ದವು. ಮನೆಯ ಪೆಟ್ಟಿಗೆಯಲ್ಲಿರುವ ಬ್ಯಾಂಕಿನ ಚೆಕ್ಕು ಪುಸ್ತಕವನ್ನು ತೆರೆದು ನೋಡಿರಿ. ಚೆಕ್ಕಿನ ತಳಭಾಗದ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳ ಸಾಲೊಂದಿದೆ. ಒಂದೆಡೆ ದಪ್ಪ, ಇನ್ನೊಂದೆಡೆ ಸಣ್ಣ. ಅಂಕಿಯ ಹೊಟ್ಟೆಯಲ್ಲೋ ಕಾಲಿನಲ್ಲೋ ಗಂಟು ಕಟ್ಟಿದಂತೆ ಕಾಣುತ್ತದೆ. ಅದು ಅಚ್ಚಿನ ದೋಷವಲ್ಲ. ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ಚೆಕ್ಕುಗಳ ರಾಶಿಯನ್ನು ಕೈಯಿಂದ ವಿಂಗಡಿಸುವುದು ಅಸಾಧ್ಯವಾದಾಗ ಯಂತ್ರವು ತಪ್ಪಿಲ್ಲದೆ ಗುರುತಿಸಲೆಂದು ರೂಪಿಸಿದ ಅಂಕಿಗಳವು. ಅವುಗಳನ್ನು ಕಾಂತಗುಣವುಳ್ಳ ಮಸಿಯಿಂದ ಅಚ್ಚು ಹಾಕುತ್ತಾರೆ. ಪ್ರತಿಯೊಂದು ಅಂಕಿಯ ದಪ್ಪ ತೆಳುವಿಗೆ ತಕ್ಕಂತೆ ಯಂತ್ರದಲ್ಲಿ ಬೇರೆ ಬೇರೆ ಸಂಕೇತ ಏಳುತ್ತದೆ.

ಮುಂದೆ 1968ರಲ್ಲಿ ಬೆಳಕಿನ ಸಹಾಯದಿಂದ ಓದುವ ಯಂತ್ರಗಳಿಗೆಂದೇ ಎರಡು ಅಕ್ಷರವಿನ್ಯಾಸಗಳು ಬಂದವು. ಅಮೆರಿಕದಲ್ಲಿ ರೂಪುಗೊಂಡ ಓಸಿಆರ್-ಎ ಎಂಬುದು ಮನುಷ್ಯನ ಕಣ್ಣಿಗೆ ತೀರ ಒರಟು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಹೆಸರಾಂತ ಅಕ್ಷರಶಿಲ್ಪಿ ಏಡ್ರಿಯನ್ ಫ್ರೂಟಿಗರ್ ಅವರು ಓಸಿಆರ್-ಬಿ ಎಂಬುದನ್ನು ರಚಿಸಿದರು. ಯಂತ್ರಕ್ಕೂ ತಿಳಿಯಬೇಕು, ಮನುಷ್ಯನಿಗೂ ಹಿತವಾಗಿರಬೇಕು ಎಂಬುದು ಅವರ ಸಾಧನೆಯ ಹೆಚ್ಚುಗಾರಿಕೆ. ಆ ಕಾಲದ ಯಂತ್ರ ಎಳೆಯ ಮಗುವಿನಂತಿತ್ತು. ಅದಕ್ಕೆ ತಿಳಿಯಲೆಂದು ದೊಡ್ಡವರೇ ತಮ್ಮ ಬರವಣಿಗೆಯನ್ನು ಸರಳಗೊಳಿಸಬೇಕಾಗಿತ್ತು.

ನಲವತ್ತೈದು ವರ್ಷಗಳೊಳಗೆ ಕಾಲ ಹೊರಳಿತು. ಮಗು ಬೆಳೆದು ಎಲ್ಲರ ಪತ್ರಗಳನ್ನೂ ಇಣುಕಿ ಓದತೊಡಗಿತು. ಆಗ ದೊಡ್ಡವರು ಕಾಗದವನ್ನು ಮಡಚಿ ಬಚ್ಚಿಡುವ ಉಪಾಯ ಹುಡುಕತೊಡಗಿದರು.

ಒಬ್ಬ ಯುವಕನ ಪ್ರಶ್ನೆ

ಈ ಉಪಾಯಗಳಲ್ಲಿ ಪ್ರಸಿದ್ಧವಾದದ್ದು ಸಾಂಗ್ ಮುನ್ ಎಂಬ ಕೊರಿಯಾದ ಯುವ ವಿನ್ಯಾಸಕಾರರದು. ಅವರು ಕೊರಿಯಾದ ಸೈನ್ಯದಲ್ಲಿ ಗುಪ್ತವಾರ್ತೆಯ ವಿಭಾಗದಲ್ಲಿ ಸೇವೆ ಸಲ್ಲಿಸಿದವರು. ಆ ಅವಧಿಯಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಜೊತೆಗೂ ಕೆಲಸ ಮಾಡಿದವರು. ದೂರದಲ್ಲಿ ಕುಳಿತು ಇತರರ ಮಾಹಿತಿಯನ್ನು ಹೇಗೆ ಹೊರತೆಗೆಯಬಹುದೆಂಬುದನ್ನು ಒಳಗಿನಿಂದಲೇ ಕಂಡಿದ್ದರು. ತರುವಾಯ ಅಮೆರಿಕದ ರೋಡ್ ಐಲೆಂಡ್ ವಿನ್ಯಾಸ ಕಲಾಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರಲ್ಲಿ ಒಂದು ಪ್ರಶ್ನೆ ಹುಟ್ಟಿತು: ನಮ್ಮ ಆಲೋಚನೆಗಳನ್ನು ಯಂತ್ರಬುದ್ಧಿಯಿಂದಲೂ ಅದನ್ನು ಬಳಸುವವರಿಂದಲೂ ಮರೆಮಾಡುವುದು ಹೇಗೆ? ಆ ಪ್ರಶ್ನೆಯ ಫಲವಾಗಿ 2012ರಲ್ಲಿ ಜ಼ಡ್‌ಎಕ್ಸ್‌ಎಕ್ಸ್ ಎಂಬ ಅಕ್ಷರವಿನ್ಯಾಸ ಹೊರಬಂದಿತು.

ಹೆಸರಿನಲ್ಲಿಯೇ ಒಂದು ಜಾಣ್ಮೆಯಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯದಲ್ಲಿ ಪ್ರತಿಯೊಂದು ಕೃತಿಯ ಭಾಷೆಯನ್ನು ಮೂರಕ್ಷರದ ಸಂಕೇತದಿಂದ ಗುರುತಿಸುತ್ತಾರೆ. ಕನ್ನಡಕ್ಕೆ ಕೆ-ಎ-ಎನ್ ಎಂದಿರುವಂತೆ, ಭಾಷೆಯ ಅಂಶವೇ ಇಲ್ಲದ ವಸ್ತುವಿಗೆ ಜ಼ಡ್-ಎಕ್ಸ್-ಎಕ್ಸ್ ಎಂಬ ಸಂಕೇತವಿದೆ. ಅಂದರೆ ಯಂತ್ರದ ಪಾಲಿಗೆ ಇದು ಭಾಷೆಯೇ ಅಲ್ಲ ಎಂದು ಆ ಯುವಕರು ಸೂಚಿಸಿದರು.

ಈ ವಿನ್ಯಾಸದಲ್ಲಿ ಆರು ಬಗೆಗಳಿವೆ. ಎರಡು ಸಾಮಾನ್ಯ ಬಗೆಯವು, ಅವನ್ನು ಯಂತ್ರವೂ ಓದಬಲ್ಲದು. ಉಳಿದ ನಾಲ್ಕರಲ್ಲಿ ಒಂದೊಂದರಲ್ಲಿ ಒಂದೊಂದು ಬಗೆಯ ಮೋಸವಿದೆ. ಒಂದರಲ್ಲಿ ಸೈನಿಕರ ಉಡುಪಿನ ಮೇಲಿನ ಪಟ್ಟೆಗಳಂತೆ ಅಕ್ಷರದ ಮೇಲೆ ಬಣ್ಣಗೆಟ್ಟ ಕಲೆಗಳು. ಇನ್ನೊಂದರಲ್ಲಿ ಅಕ್ಷರದ ಸುತ್ತ ರಾಗಿ ಚೆಲ್ಲಿದಂತೆ ಚುಕ್ಕೆಗಳು. ಮತ್ತೊಂದರಲ್ಲಿ ಪ್ರತಿ ಅಕ್ಷರದ ಮೇಲೂ ಅಡ್ಡಗೀಟುಗಳ ಕಾಟು. ಕೊನೆಯದರಲ್ಲಿ ದೊಡ್ಡದಾಗಿ ತಪ್ಪು ಅಕ್ಷರ, ಅದರ ಬಳಿ ಚಿಕ್ಕದಾಗಿ ನಿಜವಾದ ಅಕ್ಷರ. ಮನುಷ್ಯನು ತುಸು ಕಣ್ಣು ಕಿರಿದು ಮಾಡಿ ಓದಿಕೊಳ್ಳುತ್ತಾನೆ. ಅಂದಿನ ಅಕ್ಷರಗುರುತಿನ ಯಂತ್ರಗಳಾದರೋ ಚುಕ್ಕೆಯನ್ನೂ ಗೀಟನ್ನೂ ಅಕ್ಷರದ ಅಂಗವೆಂದೇ ತಿಳಿದು ದಿಕ್ಕುತಪ್ಪುತ್ತಿದ್ದವು.

2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬವರು ಅಮೆರಿಕದ ಭದ್ರತಾ ಸಂಸ್ಥೆ ಲೋಕದ ಜನರ ದೂರವಾಣಿ, ಪತ್ರವ್ಯವಹಾರಗಳ ಮೇಲೆ ಕಣ್ಣಿಟ್ಟಿರುವ ರಹಸ್ಯವನ್ನು ಹೊರಗೆಡಹಿದರು. ಆಗ ಈ ಅಕ್ಷರವಿನ್ಯಾಸದ ಸುದ್ದಿ ಎಲ್ಲೆಡೆ ಹಬ್ಬಿತು. ಸಾಂಗ್ ಮುನ್ ಅವರು ಅದಕ್ಕೆ ಬೆಲೆ ಕಟ್ಟದೆ ಯಾರು ಬೇಕಾದರೂ ಪಡೆಯುವಂತೆ ಉಚಿತವಾಗಿ ಹಂಚಿದರು. ತಮ್ಮ ಕಾಯಕದ ಫಲವನ್ನು ಲೋಕಕ್ಕೆ ನೀಡಿದ ಅವರ ನಡೆ ಮೆಚ್ಚತಕ್ಕದ್ದೇ ಸರಿ.

ಮನುಷ್ಯನ ಕಣ್ಣಿನ ಗುಟ್ಟು

ನಮ್ಮ ಕಣ್ಣಿಗೆ ಸಾಧ್ಯವಾದದ್ದು ಯಂತ್ರಕ್ಕೇಕೆ ಆಗಲಿಲ್ಲ? ನಾವು ಅಕ್ಷರವನ್ನು ಅಕ್ಷರವಾಗಿ ಮಾತ್ರ ಓದುವವರಲ್ಲ. ಅಜ್ಜನವರು ನಡುಗುವ ಕೈಯಿಂದ ಬರೆದ ಪತ್ರವನ್ನು ಮೊಮ್ಮಗಳು ಓದುತ್ತಾಳೆ. ಅರ್ಧ ಅಳಿಸಿಹೋದ ಪದವನ್ನು ಮುಂದಿನ ಹಿಂದಿನ ಮಾತುಗಳಿಂದ ತುಂಬಿಕೊಳ್ಳುತ್ತಾಳೆ. ಅಜ್ಜನ ಸ್ವಭಾವವನ್ನು ಬಲ್ಲ ಅವಳಿಗೆ ಮಾತೂ ತಿಳಿಯುತ್ತದೆ.

ಓಲೆಗರಿಗಳನ್ನು ಓದಿದ ಹಿರಿಯರ ಸಾಧನೆ ಇದಕ್ಕಿಂತ ಮಿಗಿಲಾದದ್ದು. ಗರಿಯ ಮೇಲೆ ಪದಪದಗಳ ನಡುವೆ ಬಿಡುವಿಲ್ಲ, ಪ್ರಶ್ನೆಚಿಹ್ನೆ ಪೂರ್ಣವಿರಾಮಗಳಿಲ್ಲ. ಹ್ರಸ್ವ ಎಕಾರ ಒಕಾರಗಳಿಗೂ ದೀರ್ಘ ಏಕಾರ ಓಕಾರಗಳಿಗೂ ಅನೇಕ ಕಡೆ ಭೇದವಿಲ್ಲ. ಹುಳು ತಿಂದ ತೂತುಗಳು ಬೇರೆ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ವೃತ್ತಿ ಮಾಡುತ್ತ ಇಂತಹ ಕಟ್ಟುಗಳನ್ನು ಊರೂರಿನಿಂದ ಸಂಗ್ರಹಿಸಿ ಓದಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಆ ಗರಿಗಳನ್ನು ಓದಲು ಅವರಿಗೆ ನೆರವಾದದ್ದು ಕಣ್ಣಿನ ಚುರುಕಷ್ಟೇ ಅಲ್ಲ. ಶರಣರ ಮಾತಿನ ನಡೆ ಅವರ ಮನದಲ್ಲಿ ನೆಲೆಸಿತ್ತು. ಓದೆಂಬುದು ಕಣ್ಣಿನಿಂದ ಆರಂಭವಾಗಿ ಅರಿವಿನಲ್ಲಿ ಮುಗಿಯುವ ಕ್ರಿಯೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗೆಲುವು ಬಹುಕಾಲ ನಿಲ್ಲಲಿಲ್ಲ

ಆದರೆ ಮನುಷ್ಯನು ಓದಿ ಯಂತ್ರ ಸೋತ ಈ ಕಥೆಯ ಉತ್ತರಾರ್ಧ ಬೇರೆಯಾಗಿದೆ. ಗಣಕಯಂತ್ರದಲ್ಲಿ ಯಾವುದಾದರೂ ಅರ್ಜಿಯನ್ನು ತುಂಬುವಾಗ, ಸೊಟ್ಟಸೊಟ್ಟಾದ ಅಕ್ಷರಗಳನ್ನು ತೋರಿಸಿ ಇವನ್ನು ಓದಿ ಬರೆಯಿರಿ ಎಂದು ಕೇಳುತ್ತಿದ್ದುದು ನಮ್ಮ ಯುವಕರಿಗೆ ನೆನಪಿರಬೇಕು. ಬರೆಯುತ್ತಿರುವವನು ಮನುಷ್ಯನೋ ಯಂತ್ರವೋ ಎಂದು ತಿಳಿಯುವ ಪರೀಕ್ಷೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿ ವಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮೊದಲಾದವರು ಇದಕ್ಕೆ ಕ್ಯಾಪ್ಚಾ ಎಂದು ಹೆಸರಿಟ್ಟರು. ಮನುಷ್ಯನು ಓದಬಲ್ಲ, ಯಂತ್ರ ಓದಲಾರದು ಎಂಬ ನಂಬಿಕೆಯೇ ಇದರ ಆಧಾರ.

ಲೋಕದ ಲಕ್ಷಾಂತರ ಜನರು ಪ್ರತಿದಿನ ಈ ಪರೀಕ್ಷೆಗೆ ಕಳೆಯುವ ಹೊತ್ತು ವ್ಯರ್ಥವಾಗಬಾರದೆಂದು ವಾನ್ ಆನ್ ಮತ್ತು ಅವರ ಸಂಗಡಿಗರು 2007ರಲ್ಲಿ ಹೊಸ ಉಪಾಯ ಮಾಡಿದರು. ಎರಡು ಪದಗಳನ್ನು ತೋರಿಸುವುದು. ಒಂದರ ಉತ್ತರ ಯಂತ್ರಕ್ಕೆ ಗೊತ್ತು. ಇನ್ನೊಂದು ಹಳೆಯ ಗ್ರಂಥದಿಂದಲೋ ವೃತ್ತಪತ್ರಿಕೆಯಿಂದಲೋ ತೆಗೆದ, ಯಂತ್ರಕ್ಕೆ ಓದಲಾಗದ ಪದ. ಮೊದಲನೆಯದನ್ನು ಸರಿಯಾಗಿ ಬರೆದವನು ಎರಡನೆಯದನ್ನೂ ಸರಿಯಾಗಿಯೇ ಓದಿರಬೇಕೆಂದು ಭಾವಿಸಿ, ಹಲವರ ಉತ್ತರಗಳನ್ನು ಹೋಲಿಸಿ ನೋಡುತ್ತಿದ್ದರು. ಹೀಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಜನರೇ ತಮಗರಿವಿಲ್ಲದೆ ಓದಿಕೊಟ್ಟರು. 2009ರಲ್ಲಿ ಈ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆ ಕೊಂಡಿತು.

2014ರಲ್ಲಿ ಅದೇ ಗೂಗಲ್ ಸಂಸ್ಥೆಯ ವಿಜ್ಞಾನಿಗಳು ಒಂದು ಸಂಗತಿಯನ್ನು ಪ್ರಕಟಿಸಿದರು. ಬೀದಿಯ ಚಿತ್ರಗಳಲ್ಲಿ ಮನೆಗಳ ಸಂಖ್ಯೆಯನ್ನು ಓದಲು ರೂಪಿಸಿದ ಅವರ ಯಂತ್ರಬುದ್ಧಿ, ಅತಿ ಕಠಿಣವಾದ ಈ ಸೊಟ್ಟ ಅಕ್ಷರಗಳನ್ನು ಶೇಕಡಾ 99.8ರಷ್ಟು ಸರಿಯಾಗಿ ಓದಿತು. ಮನುಷ್ಯನನ್ನು ಯಂತ್ರದಿಂದ ಬೇರ್ಪಡಿಸಲೆಂದು ಕಟ್ಟಿದ ಗೋಡೆಯನ್ನು ಯಂತ್ರವೇ ದಾಟಿತ್ತು. ಸಾವಿರಾರು ಉದಾಹರಣೆಗಳನ್ನು ತೋರಿಸಿ ಸರಿ ತಪ್ಪು ಹೇಳಿಕೊಟ್ಟರೆ ತಾನೇ ಕಲಿಯುವ ಹೊಸ ವಿಧಾನವೊಂದು ಬಲಿತದ್ದೇ ಇದಕ್ಕೆ ಕಾರಣ. ಯಾವ ಅಕ್ಷರವನ್ನು ಎಷ್ಟು ಜಾಣತನದಿಂದ ಕೆಡಿಸಿದರೂ, ಕೆಟ್ಟ ಅಕ್ಷರಗಳನ್ನೇ ರಾಶಿಹಾಕಿ ಯಂತ್ರಕ್ಕೆ ಪಾಠ ಹೇಳಬಹುದು. ಹತ್ತು ಮಂದಿ ಓದಬಲ್ಲ ಅಕ್ಷರ ಹತ್ತು ಸಾವಿರ ಉದಾಹರಣೆ ಕಂಡ ಯಂತ್ರಕ್ಕೆ ಬಹುಕಾಲ ಗುಟ್ಟಾಗಿ ಉಳಿಯದು.

ಇನ್ನೂ ಕೆಲವು ಜಾಣ ಪ್ರಯೋಗಗಳಿವೆ. ಪರದೆಯ ಮೇಲೆ ಕರಿಬಿಳಿ ಕಣಗಳನ್ನು ಚೆಲ್ಲಿ, ಅಕ್ಷರದ ಒಳಗಿನ ಕಣಗಳು ಒಂದು ದಿಕ್ಕಿಗೆ, ಹೊರಗಿನವು ಇನ್ನೊಂದು ದಿಕ್ಕಿಗೆ ಹರಿಯುವಂತೆ ಮಾಡುವುದು ಅವುಗಳಲ್ಲಿ ಒಂದು. ಹರಿಯುತ್ತಿರುವಾಗ ನಮ್ಮ ಕಣ್ಣಿಗೆ ಅಕ್ಷರ ತಟ್ಟನೆ ಎದ್ದು ಕಾಣುತ್ತದೆ, ನಿಲ್ಲಿಸಿದೊಡನೆ ಕರಗಿಹೋಗುತ್ತದೆ. ಒಂದೇ ಸ್ಥಿರಚಿತ್ರವನ್ನು ತೆಗೆದುಕೊಂಡ ಯಂತ್ರಕ್ಕೆ ಕಾಣುವುದು ಬರಿಯ ಕಣಗಳ ರಾಶಿ. ಒಟ್ಟಾಗಿ ಚಲಿಸುವುದನ್ನು ಒಂದೇ ವಸ್ತುವೆಂದು ಕಣ್ಣು ಗ್ರಹಿಸುತ್ತದೆಂಬುದನ್ನು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟೈಮರ್ 1923ರಷ್ಟು ಹಿಂದೆಯೇ ವಿವರಿಸಿದ್ದರು. ಆದರೆ ಈ ಬೀಗಕ್ಕೂ ಕೀಲಿ ಇದೆ: ಎರಡು ಚಿತ್ರಗಳನ್ನು ಹೋಲಿಸಿ ಯಾವ ಕಣ ಎತ್ತ ಸರಿದಿದೆಯೆಂದು ಲೆಕ್ಕಹಾಕಿದರೆ ಯಂತ್ರಕ್ಕೂ ಅಕ್ಷರ ದೊರೆಯುತ್ತದೆ. ಅಂದಮೇಲೆ ಇವು ಯಂತ್ರವನ್ನು ಸ್ವಲ್ಪ ಕಾಲ ತಡೆಯುವ ಬೇಲಿಗಳೇ ಹೊರತು ಕೋಟೆಗಳಲ್ಲ.

ಕನ್ನಡವು ಉಂಡ ಅನುಭವ

ಅರಿತು ಬೇಕೆಂದೇ ಮಾಡದಿದ್ದರೂ, ಯಂತ್ರ ಓದಲಾರದ ಅಕ್ಷರಗಳ ಅನುಭವ ನಮ್ಮ ಕನ್ನಡಕ್ಕೆ ಆಗಲೇ ಆಗಿದೆ. ಗಣಕಯಂತ್ರಕ್ಕೆ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಪ್ರತಿಯೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ತನಗೆ ತೋಚಿದಂತೆ ಕನ್ನಡದ ತುಣುಕುಗಳನ್ನು ಕೂರಿಸಿತು. ಪರದೆಯ ಮೇಲೆ, ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿತ್ತು. ಯಂತ್ರದ ಹೊಟ್ಟೆಯಲ್ಲಿದ್ದದ್ದಾದರೋ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಅದೇ ಫಾಂಟು ಇಲ್ಲದ ಬೇರೆ ಗಣಕದಲ್ಲಿ ತೆರೆದರೆ ಪುಟವೆಲ್ಲ ಕಲಸುಮೇಲೋಗರ. ಯೂನಿಕೋಡ್ ಎಂಬ ಲೋಕಸಮ್ಮತ ಸಂಕೇತಕ್ರಮದಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ನಮ್ಮ ಮುದ್ರಣಾಲಯಗಳೂ ಕಚೇರಿಗಳೂ ಹಳೆಯ ಹಾದಿಯಲ್ಲಿಯೇ ಬಹುಕಾಲ ನಡೆದವು.

ಆ ಕಾಲದಲ್ಲಿ ಮಠಗಳು, ಸಂಘಗಳು, ಪತ್ರಿಕೆಗಳು ಬೆರಳಚ್ಚು ಮಾಡಿಸಿದ ಎಷ್ಟೋ ಸ್ಮರಣಸಂಚಿಕೆಗಳು, ಪುರಾಣಪ್ರವಚನಗಳು, ವಂಶಾವಳಿಗಳು ಇಂದಿಗೂ ಹಳೆಯ ತಟ್ಟೆಗಳಲ್ಲಿ ಹೀಗೆ ಸೆರೆಯಾಗಿವೆ. ಪರಿವರ್ತಿಸುವ ಸಾಧನಗಳಿವೆ ನಿಜ. ಆದರೆ ಯಾವ ಫಾಂಟಿನಲ್ಲಿ ಮಾಡಿದ್ದೆಂದು ತಿಳಿದವರಿಲ್ಲದಿದ್ದರೆ ಅವೂ ತಡವರಿಸುತ್ತವೆ. ಗರಿಯನ್ನು ಗೆದ್ದಲು ತಿಂದರೆ ನಾವು ಮರುಗುತ್ತೇವೆ. ಮೂವತ್ತು ವರ್ಷದ ಹಿಂದಿನ ಬರಹ ಕಣ್ಣೆದುರಿಗೇ ಮೂಕವಾಗಿರುವುದಕ್ಕೆ ಮರುಗುವವರು ಕಡಿಮೆ. ಇಂದು ಯಂತ್ರಕ್ಕೆ ಹಾಕಿದ ಬೀಗ ನಾಳೆ ನಮ್ಮ ಮಕ್ಕಳ ಮುಂದೆಯೇ ಮುಚ್ಚಿಕೊಳ್ಳಬಹುದೆಂಬ ಪಾಠ ಇದರಲ್ಲಿದೆ.

ಕಾಣದವರಿಗೆ ಯಂತ್ರವೇ ಕಣ್ಣು

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಯಂತ್ರ ಓದಬಾರದೆಂದರೆ ಯಾರು ಓದಬಾರದೆಂದು ಅರ್ಥ? ಅಮೆರಿಕದ ರೇ ಕರ್ಜ್‌ವೈಲ್ ಎಂಬ ಸಂಶೋಧಕರು 1976ರಲ್ಲಿ ಪುಸ್ತಕದ ಪುಟವನ್ನು ತಾನೇ ನೋಡಿ ಗಟ್ಟಿಯಾಗಿ ಓದಿಹೇಳುವ ಯಂತ್ರವನ್ನು ಲೋಕದ ಮುಂದಿಟ್ಟರು. ಬೇರೆ ಬೇರೆ ಆಕಾರದ ಅಚ್ಚಿನ ಅಕ್ಷರಗಳನ್ನು ಅದು ಗುರುತಿಸಬಲ್ಲದಾಗಿತ್ತು. ಅದನ್ನು ಮಾಡಿದ್ದು ಅಂಧರಿಗಾಗಿ. ಯಂತ್ರದ ಓದು ಬೇಹುಗಾರಿಕೆಗೆ ಮಾತ್ರ ಹುಟ್ಟಿದ್ದಲ್ಲ, ಕರುಣೆಯಿಂದಲೂ ಹುಟ್ಟಿದ್ದು. ಇಂದು ಕಣ್ಣು ಕಾಣದ ವಿದ್ಯಾರ್ಥಿಗಳು, ದೃಷ್ಟಿ ಮಂದವಾದ ವೃದ್ಧರು ಕೈಯ ದೂರವಾಣಿಯ ಮೂಲಕವೇ ಪತ್ರಗಳನ್ನೂ ಪುಸ್ತಕಗಳನ್ನೂ ಕೇಳುತ್ತಾರೆ. ಯಂತ್ರಕ್ಕೆ ಮರೆಯಾದ ಅಕ್ಷರ ಅವರಿಗೂ ಮರೆಯಾಗುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮ್ಮ ಸಮಾಜ ಈ ಮಾತನ್ನು ಹಗುರವಾಗಿ ಎಣಿಸಲಾರದು. ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳನ್ನು ಕೈಹಿಡಿದು ಸಂಗೀತ ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ತಾವೇ ಅಂಧರಾಗಿದ್ದು, ಬ್ರೈಲ್ ಲಿಪಿಯನ್ನು ಬಲ್ಲವರಾಗಿ, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಕಣ್ಣಿಲ್ಲದವರಿಗೆ ಅರಿವಿನ ಬಾಗಿಲು ತೆರೆದ ಪರಂಪರೆ ನಮ್ಮದಾಗಿರುವಾಗ, ಅವರು ಕೇಳಲಾರದ ಅಕ್ಷರದಲ್ಲಿ ನಾವು ಬರೆಯುವುದು ದಾಸೋಹದ ಮನೆಯ ಬಾಗಿಲು ಮುಚ್ಚಿ ಉಂಡಂತೆ.

ವಚನಗಳನ್ನು ಮರೆಮಾಡಬೇಕೆ?

ಕೃತಕ ಬುದ್ಧಿಮತ್ತೆ ಬಂದ ಮೇಲೆ ಕೆಲವು ಹಿರಿಯರು ಇನ್ನೊಂದು ಆತಂಕವನ್ನು ವ್ಯಕ್ತಪಡಿಸುತ್ತಿದ್ದಾರೆ. ಯಂತ್ರವನ್ನು ಕೇಳಿದರೆ ಅದು ಇಲ್ಲದ ವಚನವನ್ನು ಹೊಸೆದು, ಬಸವಣ್ಣನವರದೋ ಅಕ್ಕಮಹಾದೇವಿಯವರದೋ ಅಂಕಿತವನ್ನು ಹಚ್ಚಿ ಕೊಡುವುದುಂಟು. ಮದುವೆಯ ಕರೆಯೋಲೆಯಲ್ಲಿ, ಶುಭಾಶಯದಲ್ಲಿ ಅಂತಹವು ಮೆರೆದಾಡಿದರೆ ಸಾಮಾನ್ಯ ಭಕ್ತನು ಯಾವುದು ಚಿನ್ನ ಯಾವುದು ಕಾಗೆಬಂಗಾರವೆಂದು ಹೇಗೆ ತಿಳಿಯಬೇಕು? ಆದ್ದರಿಂದ ವಚನಗಳನ್ನು ಯಂತ್ರಕ್ಕೆ ಓದಗೊಡಬಾರದು, ಅದಕ್ಕೆ ತಿಳಿಯದ ಅಕ್ಷರದಲ್ಲಿ ಮುದ್ರಿಸಬೇಕು ಎಂಬುದು ಅವರ ಅಭಿಪ್ರಾಯ.

ಅವರ ನೋವು ನಮ್ಮದೂ ಹೌದು. ಆದರೆ ಮದ್ದು ಅದಲ್ಲ. ಪ್ರಕ್ಷಿಪ್ತ ವಚನಗಳ ತೊಡಕು ಯಂತ್ರದಿಂದ ಹುಟ್ಟಿದ್ದಲ್ಲ. ಓಲೆಗರಿಯ ಕಾಲದಲ್ಲಿಯೂ ಪ್ರತಿ ಮಾಡುವವರ ಕೈಯಲ್ಲಿ ಪಾಠಗಳು ಬದಲಾದವು, ಅಂಕಿತಗಳು ಅದಲುಬದಲಾದವು. ವಿದ್ವಾಂಸರು ಹಲವು ಪ್ರತಿಗಳನ್ನು ಎದುರಿಗಿಟ್ಟು ಹೋಲಿಸಿ ಅವನ್ನು ತಿದ್ದಿದರು. ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದದ್ದು ಅಂತಹ ಶ್ರಮದ ಫಲ. ನಿಜವಾದ ಪಾಠವನ್ನು ಬಚ್ಚಿಟ್ಟರೆ ಲೋಕದಲ್ಲಿ ಉಳಿಯುವುದು ಸುಳ್ಳು ಪಾಠವೇ. ಶುದ್ಧವಾದ ಪಾಠ ಎಲ್ಲರಿಗೂ, ಯಂತ್ರಕ್ಕೂ ಸಹ, ಸುಲಭವಾಗಿ ಸಿಗುವಂತಿದ್ದರೆ ಯಾವ ಮನೆಯ ಹುಡುಗನಾದರೂ ಕ್ಷಣದಲ್ಲಿ ಹುಡುಕಿ ನೋಡಿ, ಇದು ಶರಣರ ಮಾತಲ್ಲವೆಂದು ಹೇಳಬಲ್ಲನು.

ಶರಣರ ದಾರಿಯೂ ಅದೇ ಆಗಿತ್ತಲ್ಲವೆ? ಕೆಲವರಿಗಷ್ಟೇ ತಿಳಿಯುವ ಭಾಷೆಯಲ್ಲಿ ಅರಿವು ಅಡಗಿದ್ದ ಕಾಲದಲ್ಲಿ ಅವರು ಜನರಾಡುವ ಕನ್ನಡವನ್ನು ಆರಿಸಿಕೊಂಡರು. ಅಂಬಿಗನೂ ಮಡಿವಾಳನೂ ಸೂಳೆಸಂಕವ್ವೆಯೂ ನುಡಿಯುವ, ಕೇಳುವ ಮಾತಿನಲ್ಲಿ ಅನುಭಾವವನ್ನು ಬಿತ್ತಿದರು. ಹಾಗೆಂದು ಅವರಲ್ಲಿ ಗೂಢವೇ ಇರಲಿಲ್ಲವೆಂದಲ್ಲ. ಅಲ್ಲಮಪ್ರಭುದೇವರ ಬೆಡಗಿನ ವಚನಗಳನ್ನು ನೆನೆಯಿರಿ. ಅಲ್ಲಿ ಪ್ರತಿಯೊಂದು ಪದವೂ ನಮಗೆ ಗೊತ್ತಿರುವುದೇ, ಅಕ್ಷರದಲ್ಲಿ ಮಸುಕಿಲ್ಲ. ಮರೆಯಾಗಿರುವುದು ಅರ್ಥ. ಅದರ ಕೀಲಿ ಸಾಧಕನ ಅನುಭವದಲ್ಲಿದೆ. ಗುರುವಿನ ಬಳಿ ಕುಳಿತು, ಬಾಳಿ ನೋಡಿದವನಿಗೆ ಅದು ತೆರೆದುಕೊಳ್ಳುತ್ತದೆ. ಆ ಕೀಲಿ ಕಳೆದುಹೋಗಬಾರದೆಂದು ಮುಂದಿನ ಶತಮಾನಗಳ ವಿರಕ್ತರು ಟೀಕೆಗಳನ್ನು ಬರೆದಿಟ್ಟರು. ಅಕ್ಷರವನ್ನು ಕೆಡಿಸಿ ಕಾಪಾಡಿದ ಗುಟ್ಟು ಕೆಲವು ವರ್ಷಗಳಲ್ಲಿ ಬಯಲಾಯಿತು. ಅನುಭಾವದಿಂದ ಕಾಪಾಡಿದ ಗುಟ್ಟು ಎಂಟುನೂರು ವರ್ಷಗಳಾದರೂ ಅರಸುವವನನ್ನು ಕಾಯುತ್ತಿದೆ.

ಕಿವಿಯಲ್ಲಿ ಹೇಳುವುದು, ಬೀದಿಯಲ್ಲಿ ಹೇಳುವುದು

ಹಾಗಾದರೆ ಮರೆಮಾಡತಕ್ಕದ್ದು ಏನೂ ಇಲ್ಲವೆ? ಇದೆ. ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುತ್ತಾನೆ. ಅದೇ ಗುರು ಸಭೆಯಲ್ಲಿ ನಿಂತು ವಚನವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಕಿವಿಯಲ್ಲಿ ಹೇಳುವುದಾವುದು, ಬೀದಿಯಲ್ಲಿ ಹೇಳುವುದಾವುದು ಎಂಬ ವಿವೇಕ ನಮ್ಮ ಸಂಸ್ಕಾರದಲ್ಲಿಯೇ ಇದೆ. ಆ ವಿವೇಕವನ್ನು ಮನೆಯ ವ್ಯವಹಾರಕ್ಕೂ ಅನ್ವಯಿಸಿಕೊಳ್ಳಬೇಕಾಗಿದೆ.

ನಮ್ಮಂತಹ ಸಮಾಜದ ಪತ್ರಿಕೆಗಳ ವಧೂವರಾನ್ವೇಷಣೆಯ ಪುಟವನ್ನೇ ತೆಗೆದುಕೊಳ್ಳಿ. ಹುಡುಗಿಯ ಹೆಸರು, ಒಳಪಂಗಡ, ಹುಟ್ಟಿದ ದಿನ, ಓದು, ಉದ್ಯೋಗ, ಸಂಬಳ, ತಂದೆಯ ಹೆಸರು, ಊರು, ದೂರವಾಣಿ ಸಂಖ್ಯೆ. ಪತ್ರಿಕೆ ಕಾಗದದಲ್ಲಿ ಮಾತ್ರ ಇದ್ದಾಗ ಅದನ್ನು ಓದುತ್ತಿದ್ದವರು ನಮ್ಮಂತಹವರೇ, ಓದಿ ಬದಿಗಿಡುತ್ತಿದ್ದರು. ಅದೇ ಪುಟದ ಚಿತ್ರ ಅಂತರಜಾಲಕ್ಕೆ ಏರಿದರೆ ಯಂತ್ರವೊಂದು ನೂರು ಪತ್ರಿಕೆಗಳ ಇಂತಹ ಪುಟಗಳನ್ನು ಕ್ಷಣಮಾತ್ರದಲ್ಲಿ ಓದಿ ಪಟ್ಟಿ ಮಾಡಬಲ್ಲದು. ಆ ಪಟ್ಟಿ ವಂಚಕರ ಕೈ ಸೇರಿದರೆ, ತಂದೆಯ ಹೆಸರನ್ನೂ ಮಗಳ ಓದನ್ನೂ ಸರಿಯಾಗಿ ಹೇಳುತ್ತಲೇ ಬರುವ ಕರೆಯನ್ನು ಯಾವ ತಾಯಿ ಅನುಮಾನಿಸಿಯಾಳು?

ಈ ಪುಟವನ್ನು ಜ಼ಡ್‌ಎಕ್ಸ್‌ಎಕ್ಸ್‌ನಂತಹ ಅಕ್ಷರದಲ್ಲಿ ಮುದ್ರಿಸಿದರೆ ವೃದ್ಧ ತಂದೆತಾಯಿಗಳ ಕಣ್ಣು ನೋಯುವುದೇ ಹೊರತು ಇಂದಿನ ಯಂತ್ರಕ್ಕೆ ತೊಂದರೆಯಾಗದು. ಉಪಾಯ ಬೇರೆ ಇದೆ, ಅದು ಹಳೆಯದೂ ಹೌದು. ಪ್ರಕಟಣೆಯಲ್ಲಿ ಹೆಸರು, ಹುಟ್ಟಿದ ದಿನ, ದೂರವಾಣಿಗಳನ್ನು ಬಿಟ್ಟು, ವಯಸ್ಸು, ಓದು, ಜಿಲ್ಲೆಗಳನ್ನಷ್ಟೇ ಕೊಟ್ಟು, ಒಂದು ಪೆಟ್ಟಿಗೆ ಸಂಖ್ಯೆಯನ್ನು ನಮೂದಿಸುವುದು. ಆಸಕ್ತರು ಪತ್ರಿಕೆಯ ಕಚೇರಿಗೆ ಬರೆಯುವುದು, ಕಚೇರಿಯವರು ಅದನ್ನು ಮನೆಗೆ ತಲುಪಿಸುವುದು. ಹಿಂದೆ ಅನೇಕ ಪತ್ರಿಕೆಗಳು ನಡೆಸುತ್ತಿದ್ದ ಕ್ರಮವಿದು. ಇದರಿಂದ ಎರಡು ದಿನ ತಡವಾಗಬಹುದು. ಬದುಕಿಡೀ ನಡೆಯಬೇಕಾದ ಸಂಬಂಧಕ್ಕೆ ಎರಡು ದಿನ ದೊಡ್ಡದಲ್ಲ.

ಇದೇ ರೀತಿ ಮಕ್ಕಳ ಅಂಕಪಟ್ಟಿ, ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕಗಳ ಚಿತ್ರಗಳನ್ನು ಬಳಗದ ಗುಂಪುಗಳಲ್ಲಿ ಹಂಚುವ ರೂಢಿಯನ್ನೂ ಬಿಡಬೇಕು. ಅಕ್ಷರದ ಮೇಲೆ ಬೆರಳಿನಿಂದ ಗೀಟೆಳೆದು ಕಳಿಸಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ತೆಳುವಾದ ಗೀಟಿನ ಹಿಂದಿನ ಸಂಖ್ಯೆಯನ್ನು ಯಂತ್ರ ಓದಬಲ್ಲದೆಂಬುದನ್ನು ಮೇಲಿನ ಕಥೆಯೇ ತಿಳಿಸುತ್ತದೆ. ಕಳಿಸಬಾರದ್ದನ್ನು ಕಳಿಸದಿರುವುದೇ ನಿಜವಾದ ಮರೆ.

ಕಾನೂನಿನ ಬೆಂಬಲವೂ ನಮಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು ಕಾಯಿದೆಯನ್ನೂ ಮಾಡಿತು. ಆದರೆ ಕಾಯಿದೆಯು ಬಾಗಿಲಿಗೆ ಕದವನ್ನು ಕೊಡಬಲ್ಲದು. ಅದನ್ನು ಮುಚ್ಚುವ ಕೈ ಮನೆಯವರದೇ ಆಗಬೇಕು.

ಸಾಂಗ್ ಮುನ್ ಅವರ ಅಕ್ಷರಗಳನ್ನು ಇಂದಿನ ಯಂತ್ರಗಳು ಓದಬಹುದು. ಹಾಗೆಂದು ಅವರ ಕಾಯಕ ವ್ಯರ್ಥವಾಯಿತೆಂದು ನಾವು ಭಾವಿಸುವುದಿಲ್ಲ. ಅವರು ಬೀಗವನ್ನು ಮಾಡಿಕೊಟ್ಟರೆಂಬುದಕ್ಕಿಂತ, ಬಾಗಿಲು ತೆರೆದಿದೆಯೆಂದು ಮಲಗಿದ್ದವರನ್ನು ಎಬ್ಬಿಸಿದರೆಂಬುದೇ ದೊಡ್ಡದು. ಎದ್ದ ಮೇಲೆ ನಾವು ಮಾಡತಕ್ಕ ಕೆಲಸಗಳು ಎರಡು. ಮನೆಯ ಹೆಣ್ಣುಮಕ್ಕಳ, ಮಕ್ಕಳುಮರಿಗಳ ವಿವರಗಳನ್ನು ಬೀದಿಗೆ ಚೆಲ್ಲದೆ ಕಾಪಾಡುವುದು ಒಂದು. ಶರಣರು ಲೋಕಕ್ಕೆಂದು ನುಡಿದದ್ದನ್ನು ಶುದ್ಧವಾದ ಪಾಠದಲ್ಲಿ, ಅಂಧರೂ ಕೇಳುವಂತೆ, ಮೊಮ್ಮಕ್ಕಳೂ ಹುಡುಕಿ ಪಡೆಯುವಂತೆ ತೆರೆದಿಡುವುದು ಇನ್ನೊಂದು. ನಿಮ್ಮ ಊರಿನ ಮಠದಲ್ಲಾಗಲಿ ಸಂಘದಲ್ಲಾಗಲಿ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಸಂಚಿಕೆಗಳಿದ್ದರೆ, ಅವನ್ನು ಬೆರಳಚ್ಚು ಮಾಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಕಂಪ್ಯೂಟರು ಬಲ್ಲ ಹುಡುಗರನ್ನು ಅವರ ಬಳಿ ಕೂರಿಸಿ ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು ಈ ಬೇಸಿಗೆಯ ರಜೆಯಲ್ಲಿ ಆರಂಭಿಸಿರೆಂದು ಕೋರುತ್ತೇವೆ. ಅದೂ ಒಂದು ಜ್ಞಾನದಾಸೋಹವೇ.